ಎರಡು ಕಲ್ಲು ಕೂಡುವ ಗೆರೆ

ಬಿಸಿಲು ಕೆಂಪೇಗೌಡ ಗೋಪುರದ ನೆತ್ತಿಯಿಂದ ಇಳಿದು ಬಂಡೆಯ ಮೇಲೆ ಹರಡಿಕೊಳ್ಳುವ ಹೊತ್ತಿಗೆ ಲಾಲ್‌ಬಾಗಿನಲ್ಲಿ ವಾಕಿಂಗಿನವರ ಮೊದಲ ಸುತ್ತು ಮುಗಿದಿರುತ್ತದೆ. ಮಫ್ಲರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ ಹಿರಿಯರು ಇಳಿಜಾರಿನಲ್ಲಿ ಕಾಲು ಚಾಚಿ ಕೂತಿರುತ್ತಾರೆ. ಒಬ್ಬರು ಕಣ್ಣು ಮುಚ್ಚಿ ಪ್ರಾಣಾಯಾಮದಲ್ಲಿದ್ದರೆ, ಪಕ್ಕದಲ್ಲೇ ಇನ್ನೊಬ್ಬರು ಸೈಟಿನ ಖಾತೆ ಎಲ್ಲಿಗೆ ಬಂತು ಎಂದು ಫೋನಿನಲ್ಲಿ ವಿಚಾರಿಸುತ್ತಿರುತ್ತಾರೆ. ಮಕ್ಕಳು ಮೇಲಿನಿಂದ ಓಡಿ ಇಳಿಯುತ್ತವೆ. ‘ಬೀಳ್ತೀಯ, ಮೆಲ್ಲಗೆ ಬಾರೋ!’ ಎಂದು ಕೆಳಗಿನಿಂದ ತಾಯಂದಿರ ಕೂಗು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ನಿಲ್ಲಿಸಿದ ಫಲಕ ಒಂದು ಪಕ್ಕಕ್ಕಿದೆ. ಈ ಬಂಡೆ ‘ಪೆನಿನ್ಸುಲಾರ್ ನೈಸ್’, ವಯಸ್ಸು ಸುಮಾರು 300 ಕೋಟಿ ವರ್ಷ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಅದು ಸಾರುತ್ತದೆ. ಓದಿದವರು ಒಂದು ಗಳಿಗೆ ಹುಬ್ಬೇರಿಸಿ, ಸೆಲ್ಫಿ ತೆಗೆದುಕೊಂಡು ಮುಂದೆ ಹೋಗುತ್ತಾರೆ.

ಫಲಕ ಬಿಟ್ಟು ಕಲ್ಲನ್ನೇ ಓದಲು ಬರುವವರೂ ಉಂಟು. ಹೆಗಲಿಗೆ ಚೀಲ, ಕೈಯಲ್ಲಿ ನೋಟ್‌ಬುಕ್ಕು, ಕೊರಳಲ್ಲಿ ದಾರ ಕಟ್ಟಿದ ಪುಟ್ಟ ಮಸೂರ. ಯಾವುದೋ ಕಾಲೇಜಿನ ಭೂವಿಜ್ಞಾನದ ಹುಡುಗ ಹುಡುಗಿಯರು ಮೇಷ್ಟ್ರ ಸುತ್ತ ಮಂಡಿಯೂರಿ ಕೂರುತ್ತಾರೆ. ಹಾಗೆ ಕೂತು ನೋಡಿದರೆ ದೂರದಿಂದ ಬರೀ ಬೂದುಬಣ್ಣವಾಗಿ ಕಾಣುವ ಬಂಡೆ ಬೇರೆಯೇ ಆಗುತ್ತದೆ. ಬೆರಳಗಲದ ಕಪ್ಪು ಪಟ್ಟೆ, ಅದರ ಪಕ್ಕಕ್ಕೆ ಬಿಳಿ ಪಟ್ಟೆ, ಮತ್ತೆ ಕಪ್ಪು. ಕಪ್ಪಿನಲ್ಲಿ ಅಭ್ರಕದ ಚೂರುಗಳು ಬಿಸಿಲಿಗೆ ಮಿನುಗುತ್ತವೆ. ಬಿಳಿಯಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್. ಪಟ್ಟೆಗಳು ನೆಟ್ಟಗೆ ಸಾಗಿ, ಒಂದು ಕಡೆ ಬಳುಕಿ, ಮಡಚಿಕೊಂಡು ಮತ್ತೆ ಸಾಗುತ್ತವೆ. ಅವುಗಳ ಹಂಗಿಲ್ಲದೆ, ಅಡ್ಡಕ್ಕೆ, ಅಂಗೈ ಅಗಲದ ಗುಲಾಬಿ ಮಿಶ್ರಿತ ಬಿಳಿ ಎಳೆಯೊಂದು ಹಾದುಹೋಗಿದೆ. ಇನ್ನೊಂದು ಕಡೆ ಕರಿಯ ಕಲ್ಲಿನ ತುಂಡೊಂದು ಪಟ್ಟೆಗಳ ನಡುವೆ ಸಿಕ್ಕಿಕೊಂಡಿದೆ, ಪಟ್ಟೆಗಳು ಅದನ್ನು ಬಳಸಿ ಹರಿದಿವೆ.

‘ಸಾರ್, ಇದರಲ್ಲಿ ಮೊದಲು ಆಗಿದ್ದು ಯಾವುದು?’

‘ನೀನೇ ನೋಡಿ ಹೇಳಮ್ಮ. ಯಾವುದು ಯಾವುದನ್ನ ಕತ್ತರಿಸಿದೆ?’

‘ಈ ಗುಲಾಬಿ ಎಳೆ ಪಟ್ಟೆಗಳನ್ನ ಕತ್ತರಿಸಿದೆ. ಹಾಗಾದ್ರೆ ಪಟ್ಟೆ ಮೊದಲು, ಎಳೆ ಆಮೇಲೆ.’

‘ಸರಿ. ಈ ಕರಿ ತುಂಡು?’

ಹುಡುಗಿ ಒಂದು ಕ್ಷಣ ಯೋಚಿಸುತ್ತಾಳೆ. ‘ಅದು ಎಲ್ಲಕ್ಕಿಂತ ಮೊದಲಿಂದು ಸಾರ್. ನೈಸು ಬರೋಕೆ ಮುಂಚೆನೇ ಇತ್ತು. ಅದಕ್ಕೇ ನೈಸು ಅದನ್ನ ನುಂಗಿದೆ.’

ಭೂಮಿಯ ಗತಕಾಲವನ್ನು ವಿಂಗಡಿಸುವ ವಿದ್ಯೆಯ ತಳಪಾಯ ಇಷ್ಟೇ. ಕತ್ತರಿಸಿದ್ದು ಕಿರಿಯದು, ಕತ್ತರಿಸಿಕೊಂಡದ್ದು ಹಿರಿಯದು. ಮೇಲೆ ಕೂತದ್ದು ಕಿರಿಯದು, ಕೆಳಗಿರುವುದು ಹಿರಿಯದು. ಒಂದರ ಚೂರು ಇನ್ನೊಂದರ ಹೊಟ್ಟೆಯಲ್ಲಿದ್ದರೆ ಚೂರೇ ಹಿರಿಯದು. ಇದಕ್ಕೆ ಯಂತ್ರ ಬೇಡ, ಕಣ್ಣು ಸಾಕು. ಎಷ್ಟು ಕೋಟಿ ವರ್ಷ ಎಂಬ ಅಂಕಿ ಬಂದದ್ದು ಬಹಳ ತಡವಾಗಿ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿ ಅದಕ್ಕೂ ನೂರಿನ್ನೂರು ವರ್ಷ ಮುಂಚೆಯೇ ಗೊತ್ತಿತ್ತು. ಇವತ್ತಿಗೂ ಸರದಿ ತಿಳಿಯದವನ ಕೈಗೆ ಅಂಕಿ ಕೊಟ್ಟರೆ ಅದರಿಂದ ಏನೂ ಪ್ರಯೋಜನವಿಲ್ಲ. ಈ ಮಾತನ್ನು ಕನ್ನಡ ನಾಡಿನ ಕಲ್ಲುಗಳಷ್ಟು ಚೆನ್ನಾಗಿ ಹೇಳಿಕೊಡುವ ಪಾಠ ಬೇರೆಲ್ಲೂ ಸುಲಭಕ್ಕೆ ಸಿಗದು.

ಯುರೋಪಿನವರಿಗೆ ಇದು ಸಲೀಸಾಯಿತು. ಇಂಗ್ಲೆಂಡಿನ ನೆಲದಲ್ಲಿ ಪದರದ ಮೇಲೆ ಪದರ ಕೂತಿದೆ, ಪದರ ಪದರದಲ್ಲೂ ಚಿಪ್ಪು, ಶಂಖ, ಮೀನಿನ ಮುಳ್ಳು. ಕಾಲುವೆ ತೋಡಿಸುತ್ತಿದ್ದ ಸರ್ವೇಯರ್ ವಿಲಿಯಂ ಸ್ಮಿತ್, ಯಾವ ಪದರದಲ್ಲಿ ಯಾವ ಪಳೆಯುಳಿಕೆ ಎಂದು ಗುರುತಿಟ್ಟುಕೊಂಡು 1815ರಲ್ಲಿ ನಕಾಶೆಯನ್ನೇ ಬರೆದ. ಕೇಂಬ್ರಿಯನ್, ಡೆವೋನಿಯನ್, ಜುರಾಸಿಕ್ ಎಂದು ಶಾಲೆಯ ಪುಸ್ತಕದಲ್ಲಿ ಬರುವ ಹೆಸರುಗಳು ಹೀಗೆ ಯುರೋಪಿನ ಸೀಮೆ, ಬೆಟ್ಟಗಳಿಂದ ಹುಟ್ಟಿದವು. ಮೈಸೂರು ಸೀಮೆಗೆ ಬಂದ ಭೂವಿಜ್ಞಾನಿಗೆ ಆ ಭಾಗ್ಯವಿರಲಿಲ್ಲ. ಇಲ್ಲಿನ ಕಲ್ಲುಗಳು ಮೈದಳೆದ ಕಾಲದಲ್ಲಿ ಚಿಪ್ಪು ಹೊತ್ತ ಜೀವಿಯೇ ಭೂಮಿಯ ಮೇಲಿರಲಿಲ್ಲ. ಇದ್ದದ್ದು ಕಲ್ಲು ಮತ್ತು ಕಲ್ಲು ಮಾತ್ರ, ಅದೂ ಕಾದು, ಕುದಿದು, ಮಡಚಿ, ಹಿಂಡಿಹೋದ ಕಲ್ಲು.

ರಾಬರ್ಟ್ ಬ್ರೂಸ್ ಫೂಟ್ ಈ ನೆಲವನ್ನು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ ಸುತ್ತಿದ ಮನುಷ್ಯ. ಮದರಾಸಿನ ಪಲ್ಲಾವರಂ ಬಳಿ 1863ರಲ್ಲಿ ಆದಿಮಾನವನ ಕಲ್ಲಿನ ಆಯುಧ ಹೆಕ್ಕಿದವನೂ ಅವನೇ. ಬಳ್ಳಾರಿ, ಧಾರವಾಡದ ಕಡೆ ಓಡಾಡುವಾಗ ಅವನಿಗೆ ಎರಡು ಬಗೆಯ ನೆಲ ಕಂಡಿತು. ಒಂದು, ಲಾಲ್‌ಬಾಗಿನಲ್ಲಿರುವಂಥ ಪಟ್ಟೆಪಟ್ಟೆಯ ಬೂದು ನೈಸ್. ಇನ್ನೊಂದು, ಅದರ ನಡುವೆ ಉತ್ತರ–ದಕ್ಷಿಣವಾಗಿ ಉದ್ದಕ್ಕೆ ಚಾಚಿದ, ಹಸಿರು ಛಾಯೆಯ, ಹಾಳೆಹಾಳೆಯಾಗಿ ಸೀಳುವ ಶಿಲೆಯ ಪಟ್ಟಿಗಳು; ಹಟ್ಟಿ, ಕೋಲಾರ, ಗದಗಿನ ಚಿನ್ನವಿರುವುದು ಇವುಗಳಲ್ಲೇ. ಈ ಎರಡನೆಯದಕ್ಕೆ 1880ರ ದಶಕದಲ್ಲಿ ಫೂಟ್ ‘ಧಾರವಾಡ’ ಎಂದು ಹೆಸರಿಟ್ಟ. ಇಂದು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿಯನ್ನು ಕೇಳಿದರೂ ಧಾರವಾಡ ಎಂದರೆ ಅವರಿಗೆ ಪೇಡಾ ನೆನಪಾಗುವುದಿಲ್ಲ, ಈ ಶಿಲೆಗಳೇ ನೆನಪಾಗುತ್ತವೆ. ಫೂಟ್ ಹೇಳಿದ ಸರದಿ ಸರಳ: ನೈಸ್ ಅಡಿಪಾಯ, ಅದರ ಮೇಲೆ ಆಮೇಲೆ ಹಾಸಿಕೊಂಡದ್ದು ಧಾರವಾಡ.

1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ಮೊದಲು ಅದರ ಹೊಣೆ ಹೊತ್ತವನು ಫೂಟ್. ಅವನ ನಂತರ ಬಂದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಮೈಸೂರಿನ ಭೂಚರಿತ್ರೆಯ ರೂಪುರೇಷೆ ಬರೆದಾಗ ಸರದಿಯನ್ನೇ ತಿರುಗಿಸಿದ. ಧಾರವಾಡವೇ ಹಿರಿಯದು, ನೈಸ್ ಅದರೊಳಕ್ಕೆ ಕರಗಿದ ರೂಪದಲ್ಲಿ ನುಗ್ಗಿ ಬಂದದ್ದು ಎಂದ. ಅವನ ಕೈಯಲ್ಲೂ ಸಾಕ್ಷಿ ಇತ್ತು. ಹಸಿರು ಶಿಲೆಯನ್ನು ಬಿಳಿ ಎಳೆಗಳು ಸೀಳಿ ಹೋಗಿರುವುದನ್ನು, ನೈಸಿನ ಹೊಟ್ಟೆಯಲ್ಲಿ ಹಸಿರು ಶಿಲೆಯ ಚೂರುಗಳಿರುವುದನ್ನು ಅವನ ಇಲಾಖೆಯವರು ಊರೂರಲ್ಲಿ ಕಂಡಿದ್ದರು. ನುಂಗಿಸಿಕೊಂಡದ್ದು ಹಿರಿಯದಲ್ಲವೇ?

ಹಾಗಾದರೆ ತರೀಕೆರೆ ಕಡೆಯ ಕಲ್ದುರ್ಗದ ಕಲ್ಲಿಗೆ ಏನು ಹೇಳುವುದು? ಅಲ್ಲಿ ಧಾರವಾಡದ ಸಾಲಿಗೇ ಸೇರಿದ ಕಾಂಗ್ಲಾಮರೇಟ್ ಇದೆ. ಅಂದರೆ ಹೊಳೆಯೋ ಕಡಲೋ ಉರುಳಿಸಿ ತಂದ ಉಂಡೆಗಲ್ಲುಗಳು ಮರಳು ಮಣ್ಣಿನೊಡನೆ ಗಟ್ಟಿಯಾಗಿ ಆದ ಶಿಲೆ. ಆ ಉಂಡೆಗಳಲ್ಲಿ ಗ್ರಾನೈಟಿನವೂ ನೈಸಿನವೂ ಇವೆ. ಮೊದಲು ನೈಸ್ ಇದ್ದು, ಬಯಲಿಗೆ ಬಂದು, ಒಡೆದು, ಉರುಳಿ, ನುಣುಪಾಗಿದ್ದರೆ ತಾನೇ ಅದರ ಉಂಡೆ ಧಾರವಾಡದ ಒಡಲು ಸೇರುವುದು? ಸ್ಮೀತನ ಕಡೆಯವರು ಇಂಥವು ಉಂಡೆಗಲ್ಲುಗಳೇ ಅಲ್ಲ, ಬಂಡೆ ಬಂಡೆ ಉಜ್ಜಿ ನುರಿದು ದುಂಡಗಾದ ತುಂಡುಗಳು ಎಂದು ವಾದಿಸಿದರು. ವಾದ ಒಂದೆರಡು ವರ್ಷದ್ದಲ್ಲ. ಎರಡು ಮೂರು ತಲೆಮಾರಿನ ಭೂವಿಜ್ಞಾನಿಗಳು ಇದೇ ಹಳ್ಳ, ಇದೇ ಗುಡ್ಡಗಳಲ್ಲಿ ಸುತ್ತಿಗೆ ಹಿಡಿದು ಇದನ್ನೇ ಕೆದಕಿದರು.

ನನಗೆ ಈ ಜಗಳದ ಮೇಲೆ ತುಂಬ ಗೌರವ. ಎರಡೂ ಕಡೆಯವರು ಕಂಡದ್ದು ನಿಜವೇ ಆಗಿತ್ತು. ‘ಧಾರವಾಡ’ ಎಂದು ಒಂದೇ ಹೆಸರಿನಲ್ಲಿ ಕರೆದದ್ದರಲ್ಲಿ ಎರಡು ಕಾಲದ ಶಿಲೆಗಳು ಬೆರೆತಿದ್ದವು. ನೈಸ್ ನುಂಗಿದ್ದು ಒಂದು ಹಳೆಯ ಕುಲ, ಎಚ್.ಡಿ. ಕೋಟೆ ಕಡೆಯ ಸರಗೂರಿನ ಹೆಸರಿನಲ್ಲಿ ಈಗ ಅದು ‘ಸರಗೂರು ಗುಂಪು’. ಆ ನೈಸ್ ತಣ್ಣಗಾಗಿ, ಮೇಲೆದ್ದು, ಸವೆದು ನೆಲವಾದ ಮೇಲೆ ಅದರ ಮೇಲೆ ಹಾಸಿಕೊಂಡದ್ದು ನಿಜವಾದ ಧಾರವಾಡ. ಬಾಬಾಬುಡನ್ ಗಿರಿಯ ಬುಡದಲ್ಲಿ ಹಳೆಯ ನೈಸಿನ ಮೇಲೆ ಬೆಣಚಿನ ಉಂಡೆಗಳ ಪದರ ಕೂತಿರುವುದನ್ನು, ಅದರ ಮೇಲೆ ಲಾವಾ ಹರಿದದ್ದನ್ನು, ಎಲ್ಲಕ್ಕೂ ಮೇಲೆ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಕಬ್ಬಿಣದ ಅದಿರಿನ ಕೆಂಪು–ಕಪ್ಪು ಪಟ್ಟೆಗಳಿರುವುದನ್ನು ಇವತ್ತೂ ನೋಡಬಹುದು. ಇಷ್ಟೆಲ್ಲ ಆದ ಮೇಲೆ ಮತ್ತೊಮ್ಮೆ ಗ್ರಾನೈಟು ಕರಗಿ ಬಂದು ಹಳತು ಹೊಸತೆನ್ನದೆ ಎಲ್ಲವನ್ನೂ ಸೀಳಿತು. 1981ರಲ್ಲಿ ಜೆ. ಸ್ವಾಮಿನಾಥ್ ಮತ್ತು ಎಂ. ರಾಮಕೃಷ್ಣನ್ ಹೊರತಂದ ಸರ್ವೇಕ್ಷಣಾ ಸಂಸ್ಥೆಯ ದೊಡ್ಡ ಗ್ರಂಥ ಸರಗೂರನ್ನೂ ಧಾರವಾಡವನ್ನೂ ಬೇರೆಬೇರೆಯಾಗಿ ನಿಲ್ಲಿಸಿತು. ಫೂಟನೂ ಗೆದ್ದ, ಸ್ಮೀತನೂ ಪೂರ್ತಿ ಸೋಲಲಿಲ್ಲ.

ಇಷ್ಟು ತಿಳಿಯುವುದಕ್ಕೆ ಕಣ್ಣಿನ ಜೊತೆಗೆ ಅಂಕಿಯೂ ಬೇಕಾಯಿತು. ಅಂಕಿ ಬರುವುದು ಯುರೇನಿಯಂನಿಂದ. ಯುರೇನಿಯಂ ತನ್ನಷ್ಟಕ್ಕೆ ಕ್ಷಯಿಸಿ ಸೀಸವಾಗುತ್ತದೆ. ಬಿಸಿ ಒತ್ತಡಗಳಿಗೆ ಜಗ್ಗದೆ, ಒಂದೇ ವೇಗದಲ್ಲಿ. ಯುರೇನಿಯಂ–238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಹಿಡಿದರೆ, ಯುರೇನಿಯಂ–235ಕ್ಕೆ ಸುಮಾರು 70 ಕೋಟಿ ಸಾಕು. ಬ್ರಿಟನ್ನಿನ ಆರ್ಥರ್ ಹೋಮ್ಸ್ 1911ರಲ್ಲಿ, ಇನ್ನೂ ಇಪ್ಪತ್ತೊಂದರ ಹುಡುಗ, ಈ ಲೆಕ್ಕದಿಂದ ಕಲ್ಲಿಗೆ ವಯಸ್ಸು ಕಟ್ಟಿದ. ಅದೇ ಹೋಮ್ಸ್ 1955ರಲ್ಲಿ ನಮ್ಮ ಪರ್ಯಾಯದ್ವೀಪದ ಮತ್ತು ಸಿಲೋನಿನ ಪುರಾತನ ಶಿಲೆಗಳ ಕಾಲನಿರ್ಣಯದ ಬಗ್ಗೆಯೇ ಪ್ರಬಂಧ ಬರೆದ. ಮರುವರ್ಷ ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಉಲ್ಕೆಯೊಳಗಿನ ಸೀಸ ಅಳೆದು ಭೂಮಿಗೆ 455 ಕೋಟಿ ವರ್ಷ ಎಂದ. ಆ ಅಂಕಿ ಇವತ್ತಿಗೂ ಹೆಚ್ಚೇನೂ ಅಲುಗಿಲ್ಲ.

ಪ್ರಯೋಗಾಲಯದಲ್ಲಿ ನಡೆಯುವ ಕೆಲಸ ನೋಡುವಂಥದ್ದು. ಕಾಡುಮೇಡಿನಿಂದ ಹೊತ್ತು ತಂದ ಕೆಲವು ಕೆ.ಜಿ. ಕಲ್ಲನ್ನು ಮೊದಲು ಯಂತ್ರದ ದವಡೆಗೆ ಕೊಟ್ಟು ಪುಡಿ ಮಾಡುತ್ತಾರೆ. ಜರಡಿ ಹಿಡಿಯುತ್ತಾರೆ. ಪುಡಿಯನ್ನು ಅಲುಗುವ ಮೇಜಿನ ಮೇಲೆ ನೀರಿನಲ್ಲಿ ಹರಿಸಿ ಹಗುರವಾದದ್ದನ್ನು ಕಳೆಯುತ್ತಾರೆ. ಅಯಸ್ಕಾಂತಕ್ಕೆ ಅಂಟುವುದನ್ನು ಅದಕ್ಕೆ ಬಿಡುತ್ತಾರೆ. ಉಳಿದದ್ದನ್ನು ಭಾರದ್ರವದಲ್ಲಿ ಸುರಿದರೆ ಬೆಣಚು ತೇಲುತ್ತದೆ, ಜಿರ್ಕಾನ್ ತಳಕ್ಕಿಳಿಯುತ್ತದೆ. ಆ ತಳದಲ್ಲಿ ಉಳಿಯುವುದು ಚಿಟಿಕೆಯಷ್ಟು. ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಉಸಿರು ಬಿಗಿಹಿಡಿದು, ಸೂಜಿಯ ತುದಿಯಲ್ಲಿ ಒಂದೊಂದೇ ಹರಳನ್ನು ಹೆಕ್ಕಬೇಕು. ಹರಳಿನ ಉದ್ದ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಬಣ್ಣ ತಿಳಿ ಜೇನಿನದು ಅಥವಾ ಬಣ್ಣವೇ ಇಲ್ಲ. ಇಂಥ ಹತ್ತಾರು ಹರಳುಗಳನ್ನು ಅಂಟಿನ ಬಿಲ್ಲೆಯಲ್ಲಿ ಹುದುಗಿಸಿ, ಅರ್ಧಕ್ಕೆ ಉಜ್ಜಿ ನಯ ಮಾಡಿ, ಎಲೆಕ್ಟ್ರಾನ್ ಕಿರಣ ಹಾಯಿಸಿದಾಗ ಪರದೆಯ ಮೇಲೆ ಕಾಣುವ ನೋಟ ಮರೆಯುವಂಥದ್ದಲ್ಲ: ಈರುಳ್ಳಿಯನ್ನು ಅಡ್ಡಕ್ಕೆ ಹೆಚ್ಚಿದ ಹಾಗೆ ಸುತ್ತಿನೊಳಗೆ ಸುತ್ತು, ನಡುವೆ ಒಂದು ಗಟ್ಟಿ ತಿರುಳು. ಕರಗಿದ ಕಲ್ಲಿನಲ್ಲಿ ಹರಳು ಬೆಳೆದ ಹಂತಗಳು ಅವು.

ಜಿರ್ಕಾನನ್ನೇ ಏಕೆ ಹುಡುಕಬೇಕೆಂದರೆ, ಅದು ಹುಟ್ಟುವಾಗ ಯುರೇನಿಯಂ ಪರಮಾಣುವಿಗೆ ತನ್ನ ಜಾಲಂದರದಲ್ಲಿ ಜಾಗ ಕೊಡುತ್ತದೆ, ಸೀಸಕ್ಕೆ ಕೊಡುವುದಿಲ್ಲ. ಆದ್ದರಿಂದ ಇವತ್ತು ಅದರೊಳಗೆ ಸಿಗುವ ಸೀಸವೆಲ್ಲ ಯುರೇನಿಯಂನಿಂದ ಹುಟ್ಟಿದ್ದು ಎಂದು ನಂಬಬಹುದು. ಎರಡು ಯುರೇನಿಯಂಗಳೂ ಬೇರೆಬೇರೆ ವೇಗದಲ್ಲಿ ಬೇರೆಬೇರೆ ಸೀಸವಾಗುವುದರಿಂದ ಒಂದೇ ಹರಳು ಎರಡು ಲೆಕ್ಕ ಒಪ್ಪಿಸುತ್ತದೆ. ಎರಡೂ ತಾಳೆಯಾದರೆ ಸಂಶೋಧಕ ನೆಮ್ಮದಿಯ ನಿಟ್ಟುಸಿರು ಬಿಡುತ್ತಾನೆ. ತಾಳೆಯಾಗದಿದ್ದರೆ ಹರಳು ನಡುವೆ ಎಲ್ಲೋ ಸೀಸ ಕಳೆದುಕೊಂಡಿದೆ ಎಂದರ್ಥ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ರೂಪುಗೊಂಡ ‘ಶ್ರಿಂಪ್’ ಎಂಬ ಉಪಕರಣ ಬಂದ ಮೇಲಂತೂ ಹರಳಿನ ತಿರುಳಿಗೊಂದು, ಅಂಚಿಗೊಂದು ಎಂದು ಬೇರೆ ಬೇರೆ ವಯಸ್ಸು ಕೇಳಬಹುದಾಯಿತು. ಆಗ ತಿರುಳು ಒಂದು ಅಂಕಿ ಹೇಳಿ, ಅಂಚು ಕೋಟ್ಯಂತರ ವರ್ಷ ಕಡಿಮೆಯ ಇನ್ನೊಂದು ಅಂಕಿ ಹೇಳಿದರೆ ಕಲ್ಲಿನ ವಯಸ್ಸು ಯಾವುದು? ಯಂತ್ರ ಇದಕ್ಕೆ ಉತ್ತರ ಕೊಡದು. ಕಲ್ಲು ತಂದ ಜಾಗಕ್ಕೇ ಮರಳಿ, ಯಾವುದನ್ನು ಯಾವುದು ಕತ್ತರಿಸಿದೆ ಎಂದು ನೋಡಬೇಕು.

ಹೀಗೆ ಅಂಕಿಗಳು ಒಂದೊಂದಾಗಿ ಬಂದವು. ಹೇಮಾವತಿ ದಂಡೆಯ ಗೊರೂರು ಕನ್ನಡಿಗರಿಗೆ ರಾಮಸ್ವಾಮಿ ಅಯ್ಯಂಗಾರರ ಊರು. ಆ ಸುತ್ತಿನ ನೈಸಿಗೆ 336 ಕೋಟಿ ವರ್ಷ ಎಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಕಂಡದ್ದು ರುಬಿಡಿಯಂ–ಸ್ಟ್ರಾನ್ಷಿಯಂ ಎಂಬ ಇನ್ನೊಂದು ಲೆಕ್ಕದಿಂದ. ಸರಗೂರು ಗುಂಪಿನ ಶಿಲೆಗಳಲ್ಲಿ, ಅವಕ್ಕೂ ಹಿಂದಿನ ಯಾವುದೋ ಬೆಟ್ಟದಿಂದ ಕೊಚ್ಚಿಬಂದ ಜಿರ್ಕಾನುಗಳು ಸಿಕ್ಕಿವೆ. ಅವುಗಳಲ್ಲಿ ಕೆಲವಕ್ಕೆ 358 ಕೋಟಿ. ಆ ಬೆಟ್ಟ ಇವತ್ತು ಎಲ್ಲೂ ಇಲ್ಲ, ಅದರ ಮರಳಿನ ಕಣವಿದೆ.

ಕೊನೆಗೆ ಬಂದು ಎಲ್ಲವನ್ನೂ ಸೀಳಿದ ಆ ಗ್ರಾನೈಟನ್ನು ನೋಡಲು ರಾಮನಗರಕ್ಕೆ ಬನ್ನಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವಾಗ ಬಿಡದಿ ದಾಟುತ್ತಲೇ ದಿಗಂತ ಏರುಪೇರಾಗುತ್ತದೆ. ಬೋಳು ತಲೆಯ ಗುಂಡುಗಳು, ಒಂದರ ಮೇಲೊಂದು ಏರಿದ ಬಂಡೆಗಳು, ಮಳೆನೀರು ಇಳಿದ ಕಪ್ಪು ಜಾಡುಗಳು. ರಾಮದೇವರ ಬೆಟ್ಟದ ಕಡಿದಾದ ಗೋಡೆಯಲ್ಲಿ ರಣಹದ್ದುಗಳಿಗೆ ನೆಲೆ. ಮೆಟ್ಟಿಲ ಪಕ್ಕದ ಬಂಡೆಗೆ ಅಂಗೈ ಒತ್ತಿದರೆ ಹೆಬ್ಬೆರಳುದ್ದದ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಒರಟಾಗಿ ಚುಚ್ಚುತ್ತವೆ. ಸುತ್ತಲಿನ ಸಣ್ಣ ಕಣಗಳು ಸವೆದರೂ ಇವು ಸವೆಯಲು ಒಪ್ಪಿಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂದು ಹೆಸರಿತ್ತು, ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನಿಂದ ಬಂದದ್ದು. ಊರು ಹೆಸರು ಬದಲಿಸಿತು, ಕಲ್ಲು ಮಾತ್ರ ‘ಕ್ಲೋಸ್‌ಪೇಟ್ ಗ್ರಾನೈಟ್’ ಆಗಿಯೇ ಉಳಿಯಿತು. ಸುಮಾರು ನಾನೂರು ಕಿಲೋಮೀಟರ್ ಉದ್ದಕ್ಕೆ ನಾಡಿನ ನಡುವೆ ಮಲಗಿರುವ ಈ ಸಾಲಿನ ಮೇಲೆ ಬಿ.ಪಿ. ರಾಧಾಕೃಷ್ಣ 1956ರಲ್ಲಿ ಪುಸ್ತಕವನ್ನೇ ಬರೆದರು. ಜಿರ್ಕಾನುಗಳು 1991ರಲ್ಲಿ ಕೊಟ್ಟ ಅಂಕಿ 251.3 ಕೋಟಿ ವರ್ಷ, ಆಚೀಚೆ 50 ಲಕ್ಷ.

ಈಗ ಭೂಮಿಯ ಕಾಲಪಟ್ಟಿ ತೆಗೆದು ನೋಡಿ. ಆರ್ಕಿಯನ್ ಮಹಾಯುಗ ಮುಗಿದು ಪ್ರೊಟೆರೊಜೊಯಿಕ್ ಆರಂಭವಾಗುವುದು 250 ಕೋಟಿಗೆ. ರಾಮನಗರದ ಬೆಟ್ಟಗಳು ಆರ್ಕಿಯನ್ನಿನ ಕೊನೆಯ ಅಂಕಕ್ಕೆ ಸೇರಿದವು. ಆದರೆ ಆ 250 ಕೋಟಿ ಎಲ್ಲಿಂದ ಬಂತು? ಯಾವ ಕಲ್ಲಿನಲ್ಲೂ ಆ ಗೆರೆ ಇಲ್ಲ. ಅದು ಸಮಿತಿ ಕೂತು ಒಪ್ಪಿದ ಗುಂಡಂಕಿ. ಪಳೆಯುಳಿಕೆ ಇರುವ ಕಾಲಕ್ಕೆ ಭೂವಿಜ್ಞಾನಿಗಳು ಹಾಗೆ ಮಾಡುವುದಿಲ್ಲ. ಜಗತ್ತಿನಲ್ಲಿ ಒಂದೇ ಒಂದು ಜಾಗ ಆರಿಸಿ, ಆ ಬಂಡೆಯ ಇಂಥದೇ ಪದರದಿಂದ ಈ ಕಾಲ ಶುರು ಎಂದು ನಿಗದಿ ಮಾಡುತ್ತಾರೆ. ಅದಕ್ಕೆ ಅವರು ಬಂಗಾರದ ಮೊಳೆ ಎನ್ನುತ್ತಾರೆ. ಮೊದಲ ಮೊಳೆ 1972ರಲ್ಲಿ, ಈಗಿನ ಚೆಕ್ ಗಣರಾಜ್ಯದ ಕ್ಲೋಂಕ್ ಎಂಬಲ್ಲಿ ನಿಗದಿಯಾಯಿತು. ಡೆವೋನಿಯನ್ ಅಲ್ಲಿಂದ ಆರಂಭ. ಭಾರತದ ಹೆಸರೂ ಪಟ್ಟಿಯಲ್ಲಿದೆ: ನಾವೀಗ ಬದುಕಿರುವುದು ‘ಮೇಘಾಲಯನ್’ ಕಾಲದಲ್ಲಿ. ಚಿರಾಪುಂಜಿ ಬಳಿಯ ಮಾಮ್ಲೂ ಗುಹೆಯ ಸುಣ್ಣದ ಕಂಬವೊಂದರಲ್ಲಿ 4,200 ವರ್ಷದ ಹಿಂದಿನ ಬರಗಾಲದ ಗುರುತು ಸಿಕ್ಕಿದ್ದರಿಂದ 2018ರಲ್ಲಿ ಆ ಹೆಸರು ಬಂತು.

ಭೂಮಿಯ ಆಯಸ್ಸಿನ ನೂರರಲ್ಲಿ ಎಂಬತ್ತೆಂಟು ಪಾಲು ಕೇಂಬ್ರಿಯನ್‌ಗಿಂತ ಹಿಂದಿನದು. ಅಷ್ಟು ದೊಡ್ಡ ಪಾಲನ್ನು ಹೆಚ್ಚಾಗಿ ಗುಂಡಂಕಿಗಳಿಂದಲೇ ತುಂಡರಿಸಿರುವುದು ನನಗೆ ಸಮಾಧಾನದ ಮಾತಲ್ಲ. ಅಂಕಿಯ ಬದಲು ಕಲ್ಲಿನಲ್ಲಿ ಕಾಣುವ ಗೆರೆಯನ್ನೇ ಗಡಿ ಮಾಡಬೇಕೆಂದು ವಾದಿಸುವ ಭೂವಿಜ್ಞಾನಿಗಳಿದ್ದಾರೆ. ನಾನು ಅವರ ಕಡೆ.

ಅಂಥ ಒಂದು ಗೆರೆಯನ್ನು ಲಕ್ಷಾಂತರ ಕನ್ನಡಿಗರು ಕಂಡಿದ್ದಾರೆ, ಕಂಡೆವೆಂದು ತಿಳಿಯದೆ. ತಿರುಪತಿಯಿಂದ ತಿರುಮಲೆಗೆ ಹತ್ತುವ ಘಾಟಿ ರಸ್ತೆ. ಬಸ್ಸಿನೊಳಗೆ ಗೋವಿಂದನಾಮ, ತಿರುವು ತಿರುವಿಗೂ ಹೊಟ್ಟೆ ತೊಳಸುವ ಮಕ್ಕಳು, ಕಿಟಕಿಗೆ ಮುಖ ಒತ್ತಿದ ಅಜ್ಜಿಯರು. ಪಕ್ಕದ ಗೋಡೆಯಲ್ಲಿ ಕೆಳಗೆ ಪದರವಿಲ್ಲದ ಮುದ್ದೆ ಗ್ರಾನೈಟು. ಅದರ ಮೇಲೆ ನೇರವಾಗಿ ಕೂತ ಕ್ವಾರ್ಟ್‌ಜೈಟಿನ ಪದರಗಳು. ಒಂದು ಕಾಲದ ಕಡಲತೀರದ ಮರಳು ಅದು. ಎರಡರ ನಡುವಿನ ಗೆರೆಯ ಮೇಲೆ ಕೈಯಿಟ್ಟರೆ ಹೆಬ್ಬೆರಳು ಒಂದು ಕಾಲದಲ್ಲಿ, ಕಿರುಬೆರಳು ಇನ್ನೊಂದು ಕಾಲದಲ್ಲಿ. ನಡುವೆ ಕಳೆದುಹೋದದ್ದು ಅಂದಾಜು 80 ಕೋಟಿ ವರ್ಷ. ಪ್ರಾಣಿಗಳು ಚಿಪ್ಪು ತೊಟ್ಟು, ನೆಲಕ್ಕೆ ಹತ್ತಿ, ಡೈನೋಸಾರಾಗಿ, ಮನುಷ್ಯನಾಗಿ ಇಂದಿನವರೆಗೆ ನಡೆದ ಕಾಲವೆಲ್ಲ ಸೇರಿದರೂ 54 ಕೋಟಿ ಮೀರದು. ಕಾಲದ ಇಂಥ ಬಿಡುವಿಗೆ ಅನ್‌ಕನ್‌ಫರ್ಮಿಟಿ ಎನ್ನುತ್ತಾರೆ. ಭೂಮಿಯ ಕತೆಯಲ್ಲಿ ಉಳಿದ ಪುಟಗಳಿಗಿಂತ ಹರಿದ ಪುಟಗಳೇ ಹೆಚ್ಚು, ಮತ್ತು ಹರಿದದ್ದು ಎಲ್ಲಿ ಎಂದು ತೋರಿಸುವುದು ಆ ಗೆರೆ ಮಾತ್ರ.

ಆ ಗೆರೆಗಳೇ ಈಗ ಹೋಗುತ್ತಿವೆ. ಜಲ್ಲಿ ಕ್ರಷರಿನವರಿಗೆ ನೈಸೂ ಒಂದೇ, ಧಾರವಾಡವೂ ಒಂದೇ. ಕುಳಿ ಕೊರೆದು ಮದ್ದು ತುಂಬಿ ಸಿಡಿಸಿದರೆ ಎರಡು ಕಲ್ಲು ಕೂಡುವ ಜಾಗ ಒಂದು ಮಧ್ಯಾಹ್ನದಲ್ಲಿ ಮುಕ್ಕಾಲಿಂಚು ಜಲ್ಲಿಯಾಗುತ್ತದೆ. ಕಲ್ಲು ಬೇಡವೆನ್ನಲಾಗದು, ಮನೆ, ರಸ್ತೆ, ಸೇತುವೆ ಎಲ್ಲಕ್ಕೂ ಬೇಕು. ಆದರೆ ನಾಡಿನಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಾದ ಜಾಗಗಳು ನಾಲ್ಕೇ: ಲಾಲ್‌ಬಾಗಿನ ನೈಸ್, ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಕಡಲಡಿ ಹೆಪ್ಪುಗಟ್ಟಿದ ದಿಂಬುಲಾವಾ, ಕೋಲಾರ ಚಿನ್ನದ ಗಣಿ ಸೀಮೆಯ ಜ್ವಾಲಾಮುಖಿ ಶಿಲೆ, ಮಲ್ಪೆಯಾಚೆ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು. ಗೊರೂರಿನ ನೈಸ್, ಕಲ್ದುರ್ಗದ ಉಂಡೆಗಲ್ಲು, ಬಾಬಾಬುಡನ್ ಬುಡದ ಪದರ ಈ ಪಟ್ಟಿಯಲ್ಲಿಲ್ಲ. ಭೂಪರಂಪರೆಯ ತಾಣಗಳ ರಕ್ಷಣೆಗೆ ಕೇಂದ್ರದ ಗಣಿ ಸಚಿವಾಲಯ 2022ರಲ್ಲಿ ಕರಡು ಮಸೂದೆ ಪ್ರಕಟಿಸಿತು. ಮಸೂದೆಯ ಹಾದಿ ಉದ್ದದ್ದು, ಮದ್ದಿನ ಬತ್ತಿ ಗಿಡ್ಡದ್ದು. ನಿಮ್ಮೂರ ಕ್ವಾರಿಯಲ್ಲೋ, ಹೊಸ ರಸ್ತೆಗೆ ಸೀಳಿದ ಗುಡ್ಡದಲ್ಲೋ ಎರಡು ಬಣ್ಣದ ಕಲ್ಲು ಗೆರೆ ಕೊರೆದಂತೆ ಕೂಡಿರುವುದು, ಇಲ್ಲವೇ ಕಲ್ಲಿನೊಳಗೆ ದುಂಡನೆಯ ಕಲ್ಲು ಹುದುಗಿರುವುದು ಕಂಡರೆ ಪಕ್ಕದಲ್ಲೊಂದು ನಾಣ್ಯವಿಟ್ಟು ಫೋಟೋ ತೆಗೆಯಿರಿ, ಜಾಗದ ಗುರುತು ಬರೆದಿಡಿ. ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಗಣಿ ಮತ್ತು ಭೂವಿಜ್ಞಾನ ಇಲಾಖೆಗೋ ಅದನ್ನು ಕಳಿಸಿ, ಮುಂದಿನ ಸಿಡಿತಕ್ಕೆ ಮೊದಲೇ.